ಹನ್ನೊಂದು ಗಂಟೆಯ ಕೊಕ್ಕೆ

ಬೇಯಿಸಿದ ಕಡಲೆಕಾಳನ್ನು ಬಟ್ಟೆಯ ಮೇಲೆ ಹರಡಿಕೊಂಡು, ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ಸಿಪ್ಪೆ ಜಾರಿಸುತ್ತಿದ್ದೆ. ಅವತ್ತು ಅದನ್ನು ಬೇಯಿಸಿದ್ದು ಸೂಪಿಗೆ. ಸೂಪಿನ ಕಾಳಿಗೆ ಸಿಪ್ಪೆ ಬಿಡಿಸುವ ಅಗತ್ಯವೇನೂ ಇಲ್ಲ. ಆದರೆ ಕೈಗೆ ಕೆಲಸವಿದ್ದರೆ ಕಣ್ಣು ಎತ್ತಬೇಕಾಗಿಲ್ಲ.

ಮೇಜಿನ ಆ ಕಡೆ ಅಮ್ಮ ಗಿರಾಕಿಯೊಬ್ಬರ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ಅಮ್ಮನ ಕಸುಬು ಬಟ್ಟೆ ಹೊಲಿಯುವುದಲ್ಲ, ಬೇರೆಯವರು ಹೊಲಿದದ್ದನ್ನು ದೊಡ್ಡದು ಚಿಕ್ಕದು ಮಾಡುವುದು. ಅಜ್ಜಿ, ಅಂದರೆ ಅಪ್ಪನ ತಾಯಿ, ಕಿಟಕಿಯ ಬಳಿ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಅಪ್ಪ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಹೊಟ್ಟೆ ಅಡ್ಡ ಬರುವುದರಿಂದ ಅದು ಅವನಿಗೆ ಎರಡು ಕಂತಿನ ಕೆಲಸ. ನಡುವೆ ಒಮ್ಮೆ ನೆಟ್ಟಗೆ ಕೂತು ಉಸಿರು ತೆಗೆದುಕೊಳ್ಳಬೇಕು. ಮೇಜಿನ ನಡುವೆ ಅವನು ತಂದಿಟ್ಟ ಕಾಗದವಿತ್ತು. ಎಲ್ಲರೂ ಓದಿಯಾಗಿತ್ತು. ನಾನು ಇನ್ನೂರು ಕಾಳು ಮುಗಿಸಿದೆ.

ಅಪ್ಪ ಕ್ರೇನ್ ಆಪರೇಟರ್. ದೊಡ್ಡ ಕಟ್ಟಡ ಏಳುವ ಕಡೆ ಆಕಾಶಕ್ಕೆ ನಿಲ್ಲಿಸುತ್ತಾರಲ್ಲ, ಉದ್ದನೆಯ ಕಬ್ಬಿಣದ ಕಂಬ, ಅದರ ತಲೆಗೆ ಅಡ್ಡಲಾಗಿ ಒಂದು ತೋಳು, ತೋಳಿನ ಬುಡದಲ್ಲಿ ಒಂದು ಗಾಜಿನ ಗೂಡು. ಆ ಗೂಡಿನಲ್ಲಿ ಅಪ್ಪ. ಬೆಳಿಗ್ಗೆ ಏಳಕ್ಕೆ ಏಣಿ ಹತ್ತಿದರೆ ಸಂಜೆ ಐದಕ್ಕೇ ಇಳಿಯುವುದು. ಇಪ್ಪತ್ತೆರಡು ವರ್ಷದಿಂದ ಹೀಗೆ. ಎರಡು ವರ್ಷದಿಂದ ಅವನ ಕ್ರೇನು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿತ್ತು. ಅಡುಗೆಮನೆಯ ಸಿಂಕಿನ ಮುಂದೆ ನಿಂತರೆ ಮನೆಗಳ ಮೇಲಿಂದ ಅದರ ತೋಳೂ ಗೂಡೂ ಕಾಣುತ್ತಿದ್ದವು. ಪಾತ್ರೆ ತೊಳೆಯುವಾಗ ಅಪ್ಪ ಯಾವ ಕಡೆ ತಿರುಗಿದ್ದಾನೆ ಅಂತ ನನಗೆ ಗೊತ್ತಾಗುತ್ತಿತ್ತು.

ಕಾಗದದಲ್ಲಿ ಇದ್ದದ್ದು ಇಷ್ಟು. ಮೇಲೆ ಆಪರೇಟರಿಗೆ ಏನಾದರೂ ಆದರೆ ಕೆಳಗಿಳಿಸಲು ಹೊಸ ಹಗ್ಗದ ಸಾಧನವೊಂದನ್ನು ತರಿಸಿದ್ದಾರೆ. ಅದು ತಡೆಯುವುದು ನೂರು ಕೆಜಿ. ಎಂಟು ವಾರ ಬಿಟ್ಟು ಬರುವ ಸೋಮವಾರ ಎಲ್ಲ ಆಪರೇಟರುಗಳ ತೂಕ ನೋಡುತ್ತಾರೆ. ನೂರು ಮೀರಿದವರಿಗೆ ನೆಲದ ಮೇಲೆ ಕೆಲಸ ಕೊಡಲಾಗುವುದು. ಸಹಿ, ಸುರಕ್ಷತಾ ಅಧಿಕಾರಿ. ಈ ಅಧಿಕಾರಿ ಹೊಸಬರು. ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತಾಗಲೂ ತಲೆಯಿಂದ ಹೆಲ್ಮೆಟ್ ತೆಗೆಯುವುದಿಲ್ಲವಾದ್ದರಿಂದ ಅವರಿಗೆ ಹೆಲ್ಮೆಟ್ ಮೇಡಂ ಅಂತ ಹೆಸರು ಬಿದ್ದಿತ್ತು.

ಅಪ್ಪನ ತೂಕ ನೂರ ಒಂಬತ್ತು.

ಮೊದಲು ಬಾಯಿ ಬಿಟ್ಟವಳು ಅಜ್ಜಿ. "ಒಂಬತ್ತು ಕೆಜಿ ತಾನೆ? ಒಂದು ಈರುಳ್ಳಿ ಚೀಲ. ಇಳಿಸಿಬಿಡು."

"ಚೀಲ ಭುಜದ ಮೇಲಿದ್ರೆ ಇಳಿಸ್ಬಹುದು ಅತ್ತೆ," ಅಂದಳು ಅಮ್ಮ. "ಒಳಗಿದೆಯಲ್ಲ."

"ಒಳಗೆ ಹಾಕ್ದೋರು ಯಾರು?"

"ನಾನು ಬಡಿಸಿದ್ದು ಆರು ಕೆಜಿ. ಮಿಕ್ಕಿದ್ದು ನೀವು ಬೆಳೆಸಿ ಕಳಿಸಿದ್ದು."

ಅಪ್ಪ ಎರಡನೇ ಬೂಟು ಬಿಚ್ಚಿ ಪಕ್ಕಕ್ಕಿಟ್ಟ. "ಗೇಟಿನ ಕೆಲಸ ಕೊಡ್ತಾರಂತೆ," ಅಂದ. ಎರಡೂ ಬೂಟು ಜೋಡಿಸಿಟ್ಟು, "ಗೇಟಲ್ಲಿ ಜನ ಇರ್ತಾರೆ," ಅಂದ. ಆ ವಾರಕ್ಕೆ ಅದೇ ಅವನ ದೊಡ್ಡ ಭಾಷಣ.

ಅಮ್ಮನಿಗೂ ಅಜ್ಜಿಗೂ ಅದರಲ್ಲಿ ಏನು ಕಷ್ಟ ಅಂತ ಅರ್ಥವಾಗಲಿಲ್ಲ. ನನಗೆ ಆಯಿತು. ಗೇಟಿನಲ್ಲಿ ರಿಜಿಸ್ಟರು ಇಟ್ಟುಕೊಂಡು ಕೂರಬೇಕು. ಬಂದವರನ್ನೆಲ್ಲ ಹೆಸರೇನು, ಯಾರನ್ನು ನೋಡಬೇಕು, ಯಾಕೆ ಅಂತ ಕೇಳಬೇಕು. ಅವರು ತಿರುಗಿ ಏನಾದರೂ ಕೇಳುತ್ತಾರೆ. ಅದಕ್ಕೂ ಉತ್ತರ ಕೊಡಬೇಕು. ಹೀಗೆ ದಿನಕ್ಕೆ ಇನ್ನೂರು ಮುನ್ನೂರು ಜನ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದೇ ಎದ್ದು ನಿಂತು ಓದು ಅಂದರೆ ಧ್ವನಿ ಬರುತ್ತಿರಲಿಲ್ಲ ಅಂತ. ಬಿಡಿಸಲು ಅಪ್ಪ ಬಂದಿದ್ದ. ಯಾಕೆ ಬಿಡಿಸ್ತಿದ್ದೀರಿ ಅಂತ ಮೇಷ್ಟ್ರು ಕೇಳಿದರು. ಅಪ್ಪ ನೆಲ ನೋಡಿದ. ನೀನಾದರೂ ಹೇಳಮ್ಮ ಅಂದರು. ನಾನೂ ನೆಲ ನೋಡಿದೆ. ಮೇಷ್ಟ್ರು ನಮ್ಮಿಬ್ಬರನ್ನೂ ಒಂದು ಸಲ ನೋಡಿ ಸಹಿ ಹಾಕಿ ಕೊಟ್ಟರು.

ಅಪ್ಪನಿಗೂ ನನಗೂ ಮಾತೇ ಇಲ್ಲ ಅಂತಲ್ಲ. ನಮ್ಮ ಮಾತು ಕೈಯಲ್ಲಿ. ಕ್ರೇನಿನ ಕೆಳಗೆ ನಿಂತವರು ಮೇಲಿನವರಿಗೆ ಕೈ ಸನ್ನೆ ಮಾಡುತ್ತಾರೆ. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಅಂಗೈ ಕೆಳಗೆ ಮಾಡಿ ತಟ್ಟಿದರೆ ಇಳಿಸು, ಮುಷ್ಟಿ ಹಿಡಿದರೆ ನಿಲ್ಲಿಸು. ನಾನು ಏಳು ವರ್ಷದವಳಿದ್ದಾಗಲೇ ಅಪ್ಪ ಇವನ್ನೆಲ್ಲ ಕಲಿಸಿದ್ದ. ಅದಕ್ಕೂ ಮೊದಲು ಕಲಿಸಿದ ಪಾಠ ಒಂದಿತ್ತು: ಕೊಕ್ಕೆಯ ಕೆಳಗೆ ಯಾರೂ ನಿಲ್ಲಬಾರದು, ಅದು ಖಾಲಿ ಇದ್ದರೂ ಸರಿ. ಊಟಕ್ಕೆ ಕೂತಾಗ ಅಪ್ಪ ಬೆರಳು ತಿರುಗಿಸಿದರೆ ನಾನು ಬಡಿಸುತ್ತಿದ್ದೆ, ಮುಷ್ಟಿ ಹಿಡಿದರೆ ನಿಲ್ಲಿಸುತ್ತಿದ್ದೆ. "ಈ ಮನೇಲಿ ಊಟ ಬಡಿಸೋಕೂ ಲೈಸೆನ್ಸ್ ಬೇಕು," ಅನ್ನುತ್ತಿದ್ದಳು ಅಮ್ಮ.

ಆ ದಿನ ರಾತ್ರಿಯ ಊಟಕ್ಕೆ ಅಪ್ಪ ಕೂತ ತಕ್ಷಣ ಮುಷ್ಟಿ ಹಿಡಿದ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳುವ ಕಾರ್ಯಕ್ರಮ ಹೀಗೆ ಶುರುವಾಯಿತು.

ಊಟ ಕಡಿಮೆ ಮಾಡುವುದು ಅಪ್ಪನಿಗೆ ಕಷ್ಟವಾಗಲಿಲ್ಲ. ಕಷ್ಟ ಇದ್ದದ್ದು ಚಿಪ್ಸಿನಲ್ಲಿ. ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಚಿಪ್ಸಿನ ದೊಡ್ಡ ಪೊಟ್ಟಣ ದಿನಕ್ಕೆ ಮೂರು ಅವನೊಂದಿಗೆ ಏಣಿ ಹತ್ತುತ್ತಿದ್ದವು. ಅದಕ್ಕೆ ಅವನು ಕೊಟ್ಟ ಕಾರಣ ಇದು: ಒಂದು ಭಾರ ಎತ್ತಿ ಇಳಿಸಿದ ಮೇಲೆ ಮುಂದಿನದು ಬರುವವರೆಗೆ ಸುಮ್ಮನೆ ಕೂರಬೇಕು, ಕೆಲವೊಮ್ಮೆ ಅರ್ಧ ಗಂಟೆ. ಬಿಸಿಲು ಗಾಜಿಗೆ ಹೊಡೆಯುತ್ತದೆ. ನಿದ್ದೆ ಬರುತ್ತದೆ. ಬಾಯಲ್ಲಿ ಏನಾದರೂ ಕರುಮ್ ಅನ್ನುತ್ತಿದ್ದರೆ ಬರುವುದಿಲ್ಲ. ಅಮ್ಮ ಸೌತೆಕಾಯಿ ಹೆಚ್ಚಿ ಕಳಿಸಿದಳು. ಸಂಜೆ ಹಾಗೇ ವಾಪಸು ಬಂತು. "ಇದು ನೀರಿನ ಸದ್ದು," ಅಂದ ಅಪ್ಪ. ಕ್ಯಾರೆಟ್ ಕಳಿಸಿದಳು. "ಮೊಲ ಅಂತಾರೆ," ಅಂದ. ಮೇಲೆ ಅವನನ್ನು ನೋಡುವವರು ಯಾರೂ ಇಲ್ಲ. ಆದರೂ ಹಾಗೆ ಅಂದ.

ಕಾಗದ ಬಂದ ದಿನ ಸೂಪು ಮಾಡಲೇ ಇಲ್ಲ, ಆ ಸಿಪ್ಪೆ ಬಿಡಿಸಿದ ಕಾಳು ಫ್ರಿಜ್ಜಿನಲ್ಲಿ ಹಾಗೇ ಇತ್ತು. ನಾನು ಅದಕ್ಕೆ ಒಂದು ಚಮಚ ಎಣ್ಣೆ ಸವರಿ ಓವನ್ನಿನಲ್ಲಿ ಇಟ್ಟೆ. ನಲವತ್ತು ನಿಮಿಷ. ನಡುವೆ ಎರಡು ಸಲ ತಟ್ಟೆ ಅಲುಗಾಡಿಸಿದೆ. ಓವನ್ ಆರಿಸಿ, ಅದರ ಬಾಗಿಲಿಗೆ ಮರದ ಚಮಚ ಸಿಕ್ಕಿಸಿ ಸಂದು ಬಿಟ್ಟು, ಅಲ್ಲೇ ತಣಿಯಲು ಬಿಟ್ಟೆ. ಆಮೇಲೆ ಉಪ್ಪು, ಮೆಣಸಿನ ಪುಡಿ. ಬಾಯಿಗೆ ಹಾಕಿಕೊಂಡೆ. ಆಚೆ ಕೋಣೆಯಿಂದ ಅಜ್ಜಿ ಕೇಳಿದಳು, "ಏನದು ಮುರಿದಿದ್ದು?"

ಅಜ್ಜಿಗೆ ಕಿವಿ ಮಂದ. ಹಾಗಾಗಿ ಅವಳೇ ನಮ್ಮ ಅಳತೆಗೋಲಾದಳು. ಏನು ಮಾಡಿದರೂ ನಾನು ಅಡುಗೆಮನೆಯಲ್ಲಿ ನಿಂತು ಅಗಿಯುವುದು, ಅಜ್ಜಿ ಆಚೆ ಕೋಣೆಯಲ್ಲಿ ಕೂತು ಕೇಳುವುದು. ಅವಳಿಗೆ ಕೇಳಿಸಿದರೆ ಡಬ್ಬಕ್ಕೆ ಹೋಗುತ್ತಿತ್ತು, ಕೇಳಿಸದಿದ್ದರೆ ನಾವೇ ತಿಂದುಬಿಡುತ್ತಿದ್ದೆವು. ಬೀಟ್ರೂಟಿನ ಬಿಲ್ಲೆಗಳು ಮೊದಲ ಸಲ ಫೇಲಾದವು, ಎರಡನೇ ಸಲವೂ. ಮೂರನೇ ಸಲ ಗುಟ್ಟು ಸಿಕ್ಕಿತು. ಹಿಂದೆ ಹಿಡಿದ ಬೆರಳಿನ ಗೆರೆ ಕಾಣುವಷ್ಟು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಬಿಟ್ಟ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಒತ್ತಲು ಅಮ್ಮನ ಇಸ್ತ್ರಿಪೆಟ್ಟಿಗೆ ಸರಿಯಾದ ಭಾರ. ಕಾಯಿಸದೆ ಹಾಗೇ ಇಟ್ಟರಾಯಿತು. ಗಿರಾಕಿಯೊಬ್ಬರ ಬಿಳೀ ಪ್ಯಾಂಟಿಗೆ ಗುಲಾಬಿ ಬಣ್ಣದ ಆರು ವೃತ್ತಗಳು ಬಂದದ್ದು ಆ ವಾರವೇ. ಪಾಲಕಿನ ಎಲೆ ಓವನ್ನಿನಲ್ಲಿ ತುಂಬಾ ಚೆನ್ನಾಗಿ ಬಂತು, ಆದರೆ ಅಪ್ಪ ಡಬ್ಬ ತೆಗೆದ ಕೂಡಲೇ ಗಾಳಿಗೆ ಅಷ್ಟೂ ಕಿಟಕಿಯಿಂದ ಹೊರಗೆ ಹಾರಿ ಹೋಯಿತಂತೆ. ಕುಂಬಳಬೀಜ ಪಾಸು. ಸೇಬಿನ ಬಿಲ್ಲೆ ಪಾಸು, ಆದರೆ ಓವನ್ ಮೂರು ಗಂಟೆ ಉರಿಯುತ್ತದೆ ಅಂತ ಅಮ್ಮ ಮೂಗು ಮುರಿದಳು.

ಅಮ್ಮ ತನ್ನ ಕಡೆಯಿಂದಲೂ ಸಹಾಯ ಮಾಡಿದಳು. ಅಪ್ಪನ ಪ್ಯಾಂಟುಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಸೊಂಟಕ್ಕೆ ಎರಡಿಂಚು ಹಿಡಿದು ಹೊಲಿದುಬಿಟ್ಟಳು.

"ಇನ್ನೂ ಇಳಿದಿಲ್ವಲ್ಲೇ," ಅಂದಳು ಅಜ್ಜಿ.

"ಮೈಗೂ ಒಂದು ಗುರಿ ಅಂತ ಬೇಡ್ವಾ ಅತ್ತೆ?"

ಮೂರು ವಾರ ಅಪ್ಪ ಪ್ಯಾಂಟಿನ ಗುಂಡಿಯ ಜಾಗದಲ್ಲಿ ಬೂಟಿನ ದಾರ ಕಟ್ಟಿಕೊಂಡು ಕ್ರೇನ್ ಓಡಿಸಿದ.

ಭಾನುವಾರಗಳಂದು ಪಕ್ಕದ ಮನೆಯ ನರ್ಸಮ್ಮ ತೂಕದ ಯಂತ್ರ ತರುತ್ತಿದ್ದರು. ಅಪ್ಪ ಅದರ ಮೇಲೆ ನಿಂತು ಗೋಡೆ ನೋಡುತ್ತಿದ್ದ. ಅಂಕಿ ಓದುತ್ತಿದ್ದದ್ದು ಅಮ್ಮ. ನೂರ ಏಳು. ನೂರ ಆರು. ನೂರ ನಾಲ್ಕೂವರೆ. "ಎಲ್ಲ ಇವಳ ಕಡಲೇ ಮಹಿಮೆ," ಅಂತ ಅಮ್ಮ ನರ್ಸಮ್ಮನಿಗೆ ಹೇಳಿದಳು. ನರ್ಸಮ್ಮ ನನ್ನ ಕಡೆ ತಿರುಗಿ ಹೇಗೆ ಮಾಡ್ತೀಯಮ್ಮ ಅಂತ ಕೇಳಿದರು. ನಾನು ಏನೋ ತೊಳೆಯುವುದಿದೆ ಅಂತ ಒಳಗೆ ಹೋದೆ.

ಒಳಗೆ ಸಿಂಕಿನ ಮುಂದೆ ನಿಂತರೆ ಕ್ರೇನು. ಭಾನುವಾರ ಅದು ಗಾಳಿ ಬೀಸಿದ ಕಡೆಗೆ ತಿರುಗಿಕೊಂಡು ನಿಂತಿರುತ್ತದೆ. ಆದರೆ ವಾರದ ದಿನಗಳಲ್ಲಿ ನಾನು ಒಂದು ವಿಷಯ ಗಮನಿಸಿದ್ದೆ. ಸರಿಯಾಗಿ ಹನ್ನೊಂದಕ್ಕೆ ಕ್ರೇನು ನಿಲ್ಲುತ್ತಿತ್ತು. ಕೊಕ್ಕೆ ತೋಳಿನುದ್ದಕ್ಕೂ ಸರಿದು ಗೂಡಿನ ಹತ್ತಿರಕ್ಕೆ ಬರುತ್ತಿತ್ತು, ಅದಕ್ಕಿಂತ ಒಳಗೆ ಬರಲಾರದಷ್ಟು. ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ಆಮೇಲೆ ಬಹಳ ನಿಧಾನವಾಗಿ, ಗಾಜಿನ ಸಾಮಾನು ಇಳಿಸುವ ಹಾಗೆ, ಮನೆಗಳ ಹಿಂದಕ್ಕೆ ಇಳಿದು ಹೋಗುತ್ತಿತ್ತು. ಕೊಕ್ಕೆಯಲ್ಲಿ ಏನೂ ಇದ್ದ ಹಾಗೆ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಆರು ಟನ್ ಎತ್ತುವ ಕೊಕ್ಕೆ ಏನೂ ಇಲ್ಲದೆ ಅಷ್ಟು ಜೋಪಾನವಾಗಿ ಇಳಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಐದನೇ ವಾರ ಒಂದು ಸಂಜೆ ಸೀಟಿ ಮನೆಗೆ ಬಂದ. ಸೀಟಿ ಅಂದರೆ ಅಪ್ಪನ ಕ್ರೇನಿಗೆ ಕೆಳಗಿನಿಂದ ಸನ್ನೆ ಮಾಡುವವನು, ಹತ್ತು ವರ್ಷದ ಜೊತೆಗಾರ. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತದೆ, ಊಟಕ್ಕೆ ಕೂತಾಗಲೂ. ಅಪ್ಪ ಸ್ನಾನಕ್ಕೆ ಹೋಗಿದ್ದ. ಅಮ್ಮ ಗಿರಾಕಿಯ ಅಳತೆ ತೆಗೆಯುತ್ತಿದ್ದಳು. ಸೀಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಪುಟ್ಟಿ, ಇವತ್ತು ಬೀಟ್ರೂಟ್ ಯಾಕಿರ್ಲಿಲ್ಲ?"

ನಾನು ಅವನ ಮುಖ ನೋಡಿದೆ.

"ಕಡಲೆ ಚೆನ್ನಾಗಿತ್ತು. ಚೆನ್ನಾಗಿರ್ಲಿಲ್ಲ ಅಂತಲ್ಲ. ಆದ್ರೆ ಮಂಗಳವಾರ ಬೀಟ್ರೂಟು ಅಂತ ಹುಡುಗ್ರಿಗೆ ಅಭ್ಯಾಸ ಆಗಿದೆ. ಕಂಬಿ ಕಟ್ಟೋ ಯಜಮಾನ ಮುಖ ಊದಿಸ್ಕೊಂಡು ಕೂತಿದ್ದ."

ಯಾವ ಹುಡುಗರು ಅಂತ ನಾನು ಕೇಳಬೇಕಾಗಲಿಲ್ಲ. ಸೀಟಿಗೆ ಬಾಯಿ ತಡೆಯುವುದಿಲ್ಲ. ಅಪ್ಪ ಬೆಳಿಗ್ಗೆ ಡಬ್ಬದಿಂದ ಹತ್ತು ಕಾಳು ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಹನ್ನೊಂದಕ್ಕೆ ಕೊಕ್ಕೆಯನ್ನು ಗೂಡಿನ ಹತ್ತಿರಕ್ಕೆ ತಂದು, ಬಾಗಿಲು ತೆಗೆದು, ಕೋಲಿನ ತುದಿಗೆ ಡಬ್ಬದ ಚೀಲ ಸಿಕ್ಕಿಸಿ ಕೊಕ್ಕೆಗೆ ತಗುಲಿಸುತ್ತಾನೆ. ಆ ಕೋಲು ನಮ್ಮ ಮನೆಯ ಬಟ್ಟೆ ಒಣಹಾಕುವ ಕೋಲು. ಒಂದು ತಿಂಗಳಿಂದ ಅಮ್ಮ ಅದಕ್ಕಾಗಿ ಅಜ್ಜಿಯನ್ನು ಬೈಯುತ್ತಿದ್ದಳು. ಕೆಳಗೆ ಸೀಟಿ ಡಬ್ಬ ಬಿಚ್ಚಿಕೊಂಡು ಶೆಡ್ಡಿಗೆ ಒಯ್ದು ಹನ್ನೆರಡು ಜನಕ್ಕೆ ಹಂಚುತ್ತಾನೆ.

"ಯಾಕೆ?" ಅಂದೆ.

"ನಾನೂ ಕೇಳ್ದೆ. ಇಳಿಸಿಬಿಡು ಅಂದ, ಅಷ್ಟೆ. ನಿಮ್ಮಪ್ಪನ ಬಾಯಿಂದ ಅದಕ್ಕಿಂತ ಜಾಸ್ತಿ ಬರ್ಬೇಕಾದ್ರೆ ನಾನು ಬೇರೆ ಕ್ರೇನ್ ತರ್ಬೇಕು."

ಮಾರನೆಯ ದಿನ ಬೆಳಿಗ್ಗೆ ಡಬ್ಬ ಕೊಡುವಾಗ ಅಪ್ಪನಿಗೆ ಅಂಗೈ ಕೆಳಗೆ ಮಾಡಿ ತಟ್ಟಿ ತೋರಿಸಿದೆ. ಇಳಿಸು. ಅಪ್ಪನಿಗೆ ಗೊತ್ತಾಯಿತು. ಕಿವಿ ಕೆಂಪಗಾಯಿತು. ಬೂಟಿನ ದಾರ ಕಟ್ಟುತ್ತಾ, ನೆಲಕ್ಕೆ ಹೇಳುವ ಹಾಗೆ ಹೇಳಿದ: "ಚಿಪ್ಸು ಮೂರು ಪೊಟ್ಟಣಕ್ಕೆ ನಿಲ್ಲಿಸ್ತಿದ್ದೆ. ನಿನ್ನ ಕಡಲೆ ನಿಲ್ಲಿಸೋಕಾಗಲ್ಲ. ಅದಕ್ಕೆ ಕಣ್ಣೆದುರಿಂದ ಕಳಿಸ್ಬಿಡ್ತೀನಿ."

ಅಪ್ಪ ತೂಕ ಇಳಿಸುತ್ತಿದ್ದದ್ದು ನಾನು ಮಾಡಿದ್ದನ್ನು ತಿಂದಲ್ಲ, ತಿನ್ನದೆ.

ಇಲ್ಲಿ ನಾನು ಮಾಡಬೇಕಾಗಿದ್ದದ್ದು ಸುಲಭ. ಹತ್ತು ಕಾಳನ್ನು ಮಾತ್ರ ಕಾಗದದಲ್ಲಿ ಕಟ್ಟಿ ಕೊಡಬಹುದಾಗಿತ್ತು. ಇಳಿಸುವುದಕ್ಕೆ ಏನೂ ಇರುತ್ತಿರಲಿಲ್ಲ, ಕೊಕ್ಕೆ ತನ್ನ ಕೆಲಸ ಮಾಡಿಕೊಂಡಿರುತ್ತಿತ್ತು. ಅದು ನನಗೆ ಹೊಳೆಯಲಿಲ್ಲ ಅಂತ ಹೇಳಲಾರೆ. ಹೊಳೆಯಿತು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಮುಖ ಊದಿಸಿಕೊಂಡು ಕೂತ ಕಂಬಿ ಕಟ್ಟುವ ಯಜಮಾನ. ನನ್ನನ್ನು ನೋಡಿಯೇ ಇಲ್ಲದ ಒಬ್ಬ ದೊಡ್ಡ ಮನುಷ್ಯ ನಾನು ಮಾಡಿದ್ದು ಸಿಗಲಿಲ್ಲ ಅಂತ ಮುನಿಸಿಕೊಂಡಿದ್ದ. ನಾನು ಮರುದಿನ ಎರಡು ಡಬ್ಬ ತುಂಬಿದೆ.

ಅಪ್ಪ ಎರಡನೇ ಡಬ್ಬವನ್ನು ನೋಡಿದ, ನನ್ನನ್ನು ನೋಡಿದ. ನಾನು ತೋರುಬೆರಳು ಎತ್ತಿ ತಿರುಗಿಸಿದೆ. ಅವನು ಬೇಡ ಅನ್ನಲಿಲ್ಲ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದ.

ಬೆಳಿಗ್ಗೆ ನಾಲ್ಕೂವರೆಗೆ ಏಳತೊಡಗಿದೆ. ಓವನ್ ಆರುತ್ತಲೇ ಇರಲಿಲ್ಲ. "ನಿಮ್ಮಪ್ಪ ಒಬ್ಬ ಇಳೀಬೇಕು ಅಂತ ಇಷ್ಟೊಂದು ಯಾರು ತಿನ್ನೋದು?" ಅಂತ ಅಮ್ಮ ಕೇಳಿದಳು. "ಪಥ್ಯದಲ್ಲಿ ಇರೋರಿಗೆ ಹಸಿವು ಜಾಸ್ತಿ," ಅಂತ ಅಜ್ಜಿ ನನ್ನ ಪರವಾಗಿ ಉತ್ತರ ಕೊಟ್ಟಳು. ಫೇಲಾದದ್ದು ಹೆಚ್ಚಾಗಿ ಅವಳ ಪಾಲಿಗೇ ಬರುತ್ತಿತ್ತಲ್ಲ, ಅವಳೇ ಎರಡು ಕೆಜಿ ಏರಿದ್ದಳು. ಸೀಟಿ ಈಗ ದಿನ ಬಿಟ್ಟು ದಿನ ಬರುತ್ತಿದ್ದ, ಖಾಲಿ ಡಬ್ಬ ತೊಳೆದು ತಂದುಕೊಡುವ ನೆಪದಲ್ಲಿ.

"ಗಾರೆ ಕೆಲಸದವ್ರಿಗೂ ಸುದ್ದಿ ಹೋಗಿದೆ," ಅಂದ ಒಂದು ದಿನ. "ವೈರಿಂಗ್‌ನೋರೂ ಬರ್ತಾರೆ. ನನ್ನ ಕೈಗೆ ಡಬ್ಬ ಬರೋದ್ರೊಳಗೆ ಅಲ್ಲೇ ಕ್ಯೂ ನಿಂತಿರ್ತಾರೆ. ಮೊದಲು ನಿಂತೋರಿಗೆ ಬೀಟ್ರೂಟು."

ಅಲ್ಲೇ ಅಂದರೆ ಎಲ್ಲಿ ಅಂತ ನಾನು ಕೇಳಬೇಕಿತ್ತು. ಕೊಕ್ಕೆಯ ಕೆಳಗೆ ನಿಲ್ಲಬಾರದು ಅನ್ನುವುದು ನಾನು ಎಲ್ಲಕ್ಕಿಂತ ಮೊದಲು ಕಲಿತ ಪಾಠ. ನಾನು ಕೇಳಿದ್ದು, "ಎಷ್ಟು ಜನ?"

"ಇಪ್ಪತ್ತರ ಮೇಲೆ," ಅಂದ ಸೀಟಿ, ಅವನೇ ಮಾಡಿದ ಹಾಗೆ ಎದೆ ಉಬ್ಬಿಸಿ.

ನಾನು ಮೂರನೇ ಡಬ್ಬ ಹುಡುಕಿದೆ.

ಏಳನೇ ಭಾನುವಾರ ನೂರ ಒಂದು. ಎಂಟನೆಯದರಂದು ತೊಂಬತ್ತೊಂಬತ್ತೂವರೆ. ಅಮ್ಮ ಅಂಕಿಯನ್ನು ಎರಡು ಸಲ ಓದಿದಳು. ನರ್ಸಮ್ಮನೂ ಬಗ್ಗಿ ಓದಿದರು. ಪ್ಯಾಂಟುಗಳು ಕೊನೆಗೂ ಸರಿಯಾಗಿ ಕೂತವು. ಅಜ್ಜಿ ಅಪ್ಪನನ್ನು ಹತ್ತಿರ ಕರೆದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಯಾರದೋ ಮಗನ ಹಾಗೆ ಕಾಣ್ತೀಯ," ಅಂದಳು.

ಸೋಮವಾರ ತೂಕಕ್ಕೆ ಯಾರು ಜೊತೆಗೆ ಹೋಗಬೇಕು ಅಂತ ಚರ್ಚೆಯಾಯಿತು. ಅಮ್ಮ ಹೊರಟಳು. "ನೀನು ಹೋದ್ರೆ ಆ ಮೇಡಂಗೆ ಮಾತಾಡೋಕೆ ಜಾಗ ಇರಲ್ಲ. ಸಿಟ್ಟು ಬರತ್ತೆ," ಅಂದಳು ಅಜ್ಜಿ. ಅಪ್ಪ ನನ್ನ ಕಡೆ ನೋಡಿದ. ನಾನು ಚಪ್ಪಲಿ ಹಾಕಿಕೊಂಡೆ. "ಆಯ್ತು, ಬಾಯಿಲ್ಲದೋರು ಇಬ್ಬರೂ ಹೋಗಿ ಬನ್ನಿ," ಅಂದಳು ಅಮ್ಮ. ಆದರೂ ಬಾಗಿಲವರೆಗೆ ಬಂದು ಅಪ್ಪನ ಅಂಗಿಯ ಕಾಲರು ಸರಿ ಮಾಡಿದಳು.

ಆಫೀಸು ಅಂದರೆ ಸೈಟಿನ ಒಳಗೆ ಇಟ್ಟ ಒಂದು ಉದ್ದನೆಯ ಕಬ್ಬಿಣದ ಪೆಟ್ಟಿಗೆ. ಎರಡು ಮೇಜು, ಒಂದು ಫ್ಯಾನು, ಗೋಡೆಗೆ ನೇತುಹಾಕಿದ ಹಳದಿ ಕೋಟುಗಳು. ಹೆಲ್ಮೆಟ್ ಮೇಡಂ ನಾನು ಅಂದುಕೊಂಡಷ್ಟು ವಯಸ್ಸಾದವರಲ್ಲ. ಸೀಟಿ ಮೂಲೆಯಲ್ಲಿ ನಿಂತಿದ್ದ. ನಮ್ಮನ್ನು ನೋಡಿ ಹಲ್ಲು ಬಿಡಲಿಲ್ಲ. ಆಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಸೀಟಿ ಹಲ್ಲು ಬಿಡದೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಅಪ್ಪ ಬೂಟು ಬಿಚ್ಚಿದ. ಈಗ ಅದು ಒಂದೇ ಕಂತಿನ ಕೆಲಸ. ಯಂತ್ರದ ಮೇಲೆ ನಿಂತು ಗೋಡೆ ನೋಡಿದ.

"ತೊಂಬತ್ತೊಂಬತ್ತು ಪಾಯಿಂಟ್ ಎರಡು," ಅಂದರು ಮೇಡಂ. ಬರೆದುಕೊಂಡರು. "ಹತ್ರ ಹತ್ರ ಹತ್ತು ಕೆಜಿ ಇಳಿಸಿದೀರಿ. ಬೇರೆ ಯಾರ ಕೈಲೂ ಇಷ್ಟು ಆಗಿಲ್ಲ. ನಿಜವಾಗ್ಲೂ ಖುಷಿಯಾಯ್ತು. ಕೂತ್ಕೊಳ್ಳಿ."

ಅಪ್ಪ ಕೂರಲಿಲ್ಲ.

ಮೇಡಂ ಡ್ರಾಯರಿನಿಂದ ಒಂದು ಉದ್ದನೆಯ ಕಾಗದ ತೆಗೆದು ಮೇಜಿನ ಮೇಲೆ ಹಾಸಿದರು. ಕ್ರೇನಿನ ಒಳಗೆ ಒಂದು ಪೆಟ್ಟಿಗೆ ಇರುತ್ತದಂತೆ. ಎಷ್ಟು ಹೊತ್ತಿಗೆ ಏನು ಎತ್ತಿದರು, ಎಷ್ಟು ಭಾರ, ಎಲ್ಲಿಂದ ಎಲ್ಲಿಗೆ, ಎಲ್ಲ ಅದು ತಾನೇ ಬರೆದುಕೊಳ್ಳುತ್ತದೆ. ಅವರು ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತೋರಿಸಿದರು. ಹನ್ನೊಂದು ಗಂಟೆ, ಭಾರ ಸೊನ್ನೆ. ಹನ್ನೊಂದು ಗಂಟೆ ಎರಡು ನಿಮಿಷ, ಭಾರ ಸೊನ್ನೆ. "ಮೂವತ್ತೆಂಟು ದಿನ," ಅಂದರು. "ಯಂತ್ರ ಕೆಟ್ಟಿದೆ ಅಂತ ಮೊದಲು ಮೆಕ್ಯಾನಿಕ್‌ನ ಕರೆಸ್ದೆ. ಅವನು ಅರ್ಧ ದಿನ ಮೇಲಿದ್ದು ಏನೂ ಕೆಟ್ಟಿಲ್ಲ ಅಂದ. ಆಮೇಲೆ ಶುಕ್ರವಾರ ನಾನೇ ಹನ್ನೊಂದಕ್ಕೆ ಹೋಗಿ ನಿಂತೆ."

ಫೋನು ನಮ್ಮ ಕಡೆ ತಿರುಗಿಸಿದರು. ಫೋಟೋ. ಇಪ್ಪತ್ತಮೂರು ಜನ ಅಂತ ಆಮೇಲೆ ಹೇಳಿದರು, ನಾನು ಎಣಿಸಲಿಲ್ಲ. ಎಲ್ಲರೂ ಕೊಕ್ಕೆಯ ನೇರ ಕೆಳಗೆ ಒತ್ತಿಕೊಂಡು ನಿಂತಿದ್ದರು. ಎಲ್ಲರೂ ತಲೆ ಹಿಂದಕ್ಕೆ ಬಾಗಿಸಿ ಮೇಲೆ ನೋಡುತ್ತಿದ್ದರು. ಮೂವರು ಹೆಲ್ಮೆಟ್ಟನ್ನು ತೆಗೆದು ಬೋಗುಣಿಯ ಹಾಗೆ ಅಂಗಾತ ಹಿಡಿದಿದ್ದರು. ಅವರ ತಲೆಗಿಂತ ಒಂದು ಮಾರು ಮೇಲೆ ನಮ್ಮ ಮನೆಯ ನೀಲಿ ಚೀಲ. ನಾನು ಮಾಡಿದ್ದಕ್ಕಾಗಿ ಅಷ್ಟು ಜನ ಕಾದು ನಿಂತದ್ದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಒಂದು ಕ್ಷಣ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಂತೋಷವಾಯಿತು.

"ಕೊಕ್ಕೆ ಒಂದೇ ಮುನ್ನೂರು ಕೆಜಿ ಇದೆ," ಅಂದರು ಮೇಡಂ. "ಇದು ಬೇಡ ಅಂತಾನೇ ನಾನು ಈ ಕೆಲಸಕ್ಕೆ ಬಂದಿರೋದು. ಬಾಗಿಲು ತೆಗೆದು ಹೊರಗೆ ಬಾಗಿದ್ದೀರಿ, ಬೆಲ್ಟ್ ಇಲ್ಲದೆ. ಯಾಕೆ ಅಂತ ಒಂದು ಮಾತು ಹೇಳಿ. ಬರ್ಕೊಳ್ತೀನಿ."

ಅಪ್ಪ ನೆಲ ನೋಡಿದ.

"ನೀವು ಹೇಳ್ರಿ," ಅಂದರು ಸೀಟಿಗೆ.

"ಅದು ಮೇಡಂ," ಅಂದ ಸೀಟಿ. "ಬೀಟ್ರೂಟು." ಅಂದವನೇ ಕೊರಳಿನ ಸೀಟಿ ಹಿಡಿದುಕೊಂಡ.

ಮೇಡಂ ಮೇಜಿನ ಮೇಲಿದ್ದ ಸಣ್ಣ ಪ್ಲಾಸ್ಟಿಕ್ ಕವರನ್ನು ಎತ್ತಿದರು. ಅದರಲ್ಲಿ ನನ್ನ ಕಡಲೆಕಾಳು, ಸಾಕ್ಷಿಗೆ ಇಟ್ಟುಕೊಂಡದ್ದು, ಒಂದು ಹಿಡಿಯಷ್ಟು. ಕವರಿನ ಬಾಯಿ ತೆರೆದಿತ್ತು. "ಯಾರು ಮಾಡಿದ್ದು ಇದು?"

ಅಪ್ಪನ ಕಣ್ಣು ನನ್ನ ಕಡೆ ಬಂತು. ಅವರ ಕಣ್ಣೂ ಬಂತು.

"ಚೆನ್ನಾಗಿದೆ," ಅಂದರು, ಬೇಸರದಿಂದ ಅನ್ನುವ ಹಾಗೆ. ಕವರನ್ನು ಕೆಳಗಿಟ್ಟರು. ಇನ್ನೊಂದು ಕಾಗದ ತೆಗೆದು ಅದರಲ್ಲಿ ಬರೆಯತೊಡಗಿದರು. ಬರೆಯುತ್ತಲೇ ಹೇಳಿದರು, ನಾಳೆಯಿಂದ ಗೇಟು, ಏಳರಿಂದ ಐದು, ರಿಜಿಸ್ಟರು ಅಲ್ಲೇ ಇದೆ, ಬಂದವರನ್ನು ಏನೇನು ಕೇಳಬೇಕು ಅಂತ ಅದರ ಮೊದಲ ಪುಟದಲ್ಲಿ ಪಟ್ಟಿ ಮಾಡಿ ಅಂಟಿಸಿದೆ. ಅಪ್ಪ ತಲೆಯಾಡಿಸಿದ. ಅವನ ಎರಡೂ ಕೈ ತೊಡೆಗೆ ಅಂಟಿಕೊಂಡಿದ್ದವು. ಸೀಟಿ ತನ್ನ ಸೀಟಿಯನ್ನು ಅಂಗಿಯ ಒಳಗೆ ಹಾಕಿಕೊಂಡ. ಸಹಿ ಮಾಡಿ ಅಂತ ಮೇಡಂ ಪೆನ್ನು ಚಾಚಿದರು. ಅಪ್ಪ ಅದನ್ನು ತೆಗೆದುಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದ.

"ಮೇಡಂ," ಅಂದೆ.

ಮೂವರೂ ತಿರುಗಿದರು. ಅಪ್ಪ ಎಲ್ಲರಿಗಿಂತ ಬೇಗ ತಿರುಗಿದ. ನನ್ನ ಧ್ವನಿ ಆ ಕಬ್ಬಿಣದ ಗೋಡೆಗಳಿಗೆ ತಾಗಿ ಬೇರೆ ಯಾರದೋ ಹಾಗೆ ಕೇಳಿಸಿತು. ನಿಲ್ಲಿಸಿದರೆ ಮತ್ತೆ ಬರುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ನಿಲ್ಲಿಸಲಿಲ್ಲ.

"ಮೊದಲು ಒಂದೇ ಡಬ್ಬ ಇತ್ತು. ಆಗ ಯಾರೂ ಕೆಳಗೆ ನಿಲ್ತಿರ್ಲಿಲ್ಲ. ಎರಡನೇದು ಹಾಕಿದ್ದು ನಾನು, ಮೂರನೇದೂ ನಾನೇ. ಅಪ್ಪ ಕೇಳಿರ್ಲಿಲ್ಲ. ಕ್ಯೂ ನಿಲ್ತಾರೆ ಅಂತ ನಂಗೆ ಗೊತ್ತಿತ್ತು. ಇನ್ನು ಮಾಡಲ್ಲ."

ಮೇಡಂ ಪೆನ್ನನ್ನು ಚಾಚಿಕೊಂಡೇ ಇದ್ದರು. ಫ್ಯಾನು ತಿರುಗಿ ಕಾಗದದ ಒಂದು ಮೂಲೆ ಎದ್ದು ಮತ್ತೆ ಮಲಗಿತು. ಹೊರಗೆ ಯಾರೋ ಕಬ್ಬಿಣ ಇಳಿಸುತ್ತಿದ್ದರು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಸೀಟಿ ತನ್ನ ಬೂಟು ನೋಡುತ್ತಿದ್ದ.

"ಅಪ್ಪನ್ನ ಮೇಲಕ್ಕೇ ಕಳಿಸಿ," ಅಂದೆ.